ಯೋಜನೆ ನಡೆಯುವ ಜಾಗ

ಜನವರಿ 13, ಸೋಮವಾರ

ಇದು ಹೋದ ವರ್ಷದ ಹಾಜರಿ ಪುಸ್ತಕ. ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿತ್ತು, ಎಸೆಯಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಕೂತು ಬರೆಯುವುದು ಆಗದ ಮಾತು. ಅಲ್ಲಿ ಬೆಳಕು ಸರಿಯಿಲ್ಲ. ಅಲ್ಲದೆ ನಾನು ಏನಾದರೂ ಗೀಚುತ್ತಾ ಕೂತರೆ ಇವರು ‘ಏನದು, ತೋರಿಸು’ ಎನ್ನುತ್ತಾರೆ. ಹಾಗಾಗಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಚೇರಿಯಲ್ಲೇ ಬರೆದು, ಬೀರುವಿನಲ್ಲಿ ಹಳೇ ರಶೀದಿಗಳ ಹಿಂದೆ ತುರುಕಿ ಹೋಗುತ್ತೇನೆ.

ಬರೆಯಲು ಕಾರಣ ಹೆದರಿಕೆ. ಬೆಳಿಗ್ಗೆ ಮೇಡಂ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಈ ಸಂಸ್ಥೆ ಕಟ್ಟಿದವರು ಅವರೇ. ಒಂಬತ್ತು ವರ್ಷದಲ್ಲಿ ಅವರು ಬಾಗಿಲು ಹಾಕಿ ಮಾತಾಡಿದ್ದು ಇದು ಎರಡನೇ ಸಲ.

“ಏಪ್ರಿಲ್ ಕೊನೆವರೆಗೆ ಹೇಗೋ ತಳ್ಳಬಹುದು ಕಣಮ್ಮ. ಆಮೇಲೆ ಆಸರೆಮನೆ ಮುಚ್ಚಬೇಕಾಗುತ್ತೆ.”

ಆಸರೆಮನೆ ಅಂದರೆ ಗಂಡನ ಮನೆಯಿಂದ, ಕೆಲವು ಸಲ ತಂದೆಯ ಮನೆಯಿಂದ, ಜೀವ ಉಳಿಸಿಕೊಂಡು ಓಡಿಬಂದ ಹೆಂಗಸರು ಇರುವ ಮನೆ. ಅದರ ವಿಳಾಸ ಹೊರಗಿನವರಿಗೆ ಗೊತ್ತಿಲ್ಲ, ಗೊತ್ತಾಗಲೂ ಕೂಡದು. ಹೊರಗಿನವರಿಗೆ ಸಿಗುವುದು ಜೆರಾಕ್ಸ್ ಅಂಗಡಿಯ ಮೇಲಿರುವ ಈ ಎರಡು ಕೋಣೆಯ ಕಚೇರಿ ಮಾತ್ರ. ಅರ್ಜಿ, ವರದಿ, ಬಜೆಟ್ ಬರೆದು ಹಣ ತರುವುದು ನನ್ನ ಕೆಲಸ. ಎಲ್ಲರೂ ನನ್ನನ್ನು ಕಾಗದದಮ್ಮ ಅನ್ನುತ್ತಾರೆ. ಆಸರೆಮನೆಗೆ ನಾನು ಹೋಗುವುದು ವರ್ಷಕ್ಕೆರಡು ಸಲ. ಅಲ್ಲಿರುವವರು ಎಂಟು ಜನ ಎಂದು ಗೊತ್ತು, ಅರ್ಜಿಗೆ ಅಷ್ಟು ಸಾಕು.

ಇರುವ ಒಂದೇ ದಾರಿ, ಬಣ್ಣದ ಕಾರ್ಖಾನೆ ನಡೆಸಿ ತೀರಿಕೊಂಡ ಹಿರಿಯರೊಬ್ಬರ ಪ್ರತಿಷ್ಠಾನ. ಈ ರಾಜ್ಯದೊಳಗಿನ ಸೇವಾ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ, ಕೊಟ್ಟರೆ ಮೂರು ವರ್ಷಕ್ಕೆ ಕೊಡುತ್ತಾರೆ. ಅರ್ಜಿಗೆ ಕಡೇ ದಿನ ಮೂವತ್ತೊಂದು. ನೂರಾರು ಸಂಸ್ಥೆಗಳು ಬಾಯಿ ಬಿಟ್ಟುಕೊಂಡು ಕಾಯುತ್ತಿವೆ. ನನಗೆ ಬೆಳಿಗ್ಗೆಯಿಂದ ತುತ್ತು ಇಳಿದಿಲ್ಲ.

ಜನವರಿ 22, ಬುಧವಾರ

ಈ ಪ್ರತಿಷ್ಠಾನದ ಪ್ರಶ್ನೆಗಳನ್ನು ಬರೆದವರು ಜನ್ಮದಲ್ಲಿ ಒಂದು ಅರ್ಜಿಯನ್ನೂ ತುಂಬಿರಲಾರರು. ‘ನಿಮ್ಮ ಯೋಜನೆ ಯಶಸ್ವಿಯಾದರೆ ಏನು ಬದಲಾಗುತ್ತದೆ? ಐವತ್ತು ಪದಗಳಲ್ಲಿ.’ ಯಶಸ್ವಿಯಾದರೆ ಎಂಟು ಜನ ಬದುಕಿರುತ್ತಾರೆ ಸ್ವಾಮಿ, ಮೂರೇ ಪದ ಸಾಕು. ಹಾಗೆ ಬರೆಯಲಾಗದು. ಕೂತು ಕೂತು ಐವತ್ತು ಮಾಡಿದೆ.

ಆದರೆ ‘ಸಮಸ್ಯೆಯ ವಿವರಣೆ’ ಸರಾಗವಾಗಿ ಬಂತು. ಹೊಡೆತ ಬೀಳುವುದಕ್ಕೆ ಎಷ್ಟೋ ವರ್ಷ ಮೊದಲೇ ಇದು ಶುರುವಾಗುತ್ತದೆ ಎಂದು ಬರೆದೆ. ಎಲ್ಲಿದ್ದೀಯ ಎಂದು ದಿನಕ್ಕೆರಡು ಸಲ ವಿಚಾರಿಸುವುದು, ಸಂಬಳ ಕೈಗೆ ಸಿಗದಂತೆ ಮಾಡುವುದು, ನೆಂಟರಿಷ್ಟರನ್ನು ಒಬ್ಬೊಬ್ಬರಾಗಿ ದೂರ ಮಾಡುವುದು, ‘ನಿನಗೇನೂ ತಿಳಿಯುವುದಿಲ್ಲ’ ಎಂದು ಅವಳೇ ನಂಬುವವರೆಗೂ ಹೇಳುವುದು. ಮುನ್ನೂರು ಪದ, ಒಂದೂ ಹೊಡೆದು ಹಾಕಲಿಲ್ಲ. ಮೇಡಂ ಓದಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. “ಇದೆಲ್ಲ ಎಲ್ಲಿಂದ ಬಂತಮ್ಮ?” ಎಂದರು. ಒಂಬತ್ತು ವರ್ಷ ಕೇಸಿನ ಕಾಗದ ಓದಿದ್ದೇನಲ್ಲ ಮೇಡಂ ಎಂದೆ.

ಮೂರು ಗಂಟೆಗೆ ಇವರ ಫೋನ್ ಬಂದದ್ದರಿಂದ ಬಜೆಟ್ಟಿನ ಎಣಿಕೆ ತಪ್ಪಿ ಮತ್ತೆ ಮೊದಲಿಂದ ಕೂಡಿಸಿದೆ. ಹನ್ನೊಂದಕ್ಕೊಂದು, ಮೂರಕ್ಕೊಂದು, ಕಚೇರಿ ಫೋನಿಗೇ ಮಾಡುತ್ತಾರೆ. ಮೊಬೈಲು ನನ್ನ ಕಣ್ಣಿಗೆ ಒಳ್ಳೆಯದಲ್ಲವೆಂದು ಬಿಡಿಸಿದ್ದು ಅವರೇ. ಮೂರು ವರ್ಷದ ಬಜೆಟ್ ಮಾಡುತ್ತೇನೆ ಎಂದರೆ ನಗುತ್ತಾರೆ. ಮನೆಗೆ ಸಾಮಾನು ತಂದ ಚಿಲ್ಲರೆ ಲೆಕ್ಕ ಒಪ್ಪಿಸಲು ನನಗೆ ಬರುವುದಿಲ್ಲ, ಅದಂತೂ ನಿಜ. ಯಾವಾಗಲೂ ಸ್ವಲ್ಪ ಕಡಿಮೆ ಬೀಳುತ್ತದೆ, ಆಗ ಅವರಿಗೆ ಸಿಟ್ಟು ಬರುತ್ತದೆ.

ಜನವರಿ 31, ಶುಕ್ರವಾರ

ಕಳಿಸಿದೆ. ಐದು ಗಂಟೆಗೆ ಕಂಪ್ಯೂಟರಿನಲ್ಲಿ ಅರ್ಜಿ ತೆಗೆದುಕೊಳ್ಳುವುದು ನಿಲ್ಲುತ್ತಿತ್ತು, ನಾನು ಗುಂಡಿ ಒತ್ತಿದ್ದು ನಾಲ್ಕು ಐವತ್ತಾರಕ್ಕೆ. ಬೆವರಿ ಸೀರೆ ಬೆನ್ನಿಗೆ ಅಂಟಿತ್ತು.

ಕೊನೆಗೆ ಒಂದು ಕಡೆ ಸಿಕ್ಕಿಬಿದ್ದೆ. ಫಾರಂನಲ್ಲಿ ಮೂರು ವಿಳಾಸ ಕೇಳುತ್ತಾರೆ: ನೋಂದಾಯಿತ ಕಚೇರಿ, ಪತ್ರ ವ್ಯವಹಾರ, ಮೂರನೆಯದು ‘ಯೋಜನೆ ನಡೆಯುವ ಜಾಗ’. ಆ ಮೂರನೆಯದಕ್ಕೆ ನಾವು ಯಾವಾಗಲೂ ‘ಗೋಪ್ಯ, ಕಚೇರಿಯ ಮೂಲಕ ಸಂಪರ್ಕಿಸಿ’ ಎಂದು ಬರೆಯುತ್ತೇವೆ. ಈ ಸಲ ಕಂಪ್ಯೂಟರ್ ಒಪ್ಪಲೇ ಇಲ್ಲ. ಬೀದಿ, ಮನೆ ಸಂಖ್ಯೆ ಎರಡೂ ಬೇಕಂತೆ, ಯೋಜನೆ ಈ ರಾಜ್ಯದೊಳಗೇ ನಡೆಯುತ್ತದೆ ಎಂದು ತೋರಿಸಲು. ಕಚೇರಿಯ ವಿಳಾಸ ಹಾಕಿದರೆ ‘ಮೊದಲಿನದೇ ಇದೆ’ ಎಂದು ಕೆಂಪು ಗೆರೆ. ಮೇಡಂ ಕೋರ್ಟಿನಲ್ಲಿದ್ದರು, ಫೋನ್ ಎತ್ತಲಿಲ್ಲ. ಗಡಿಯಾರ ನಾಲ್ಕು ಐವತ್ತೆರಡು ತೋರಿಸುತ್ತಿತ್ತು. ನಿಜವಾದ ವಿಳಾಸವನ್ನೇ ಹಾಕಿದೆ. ಜೊತೆಗಿಟ್ಟ ಪತ್ರದಲ್ಲಿ ‘ದಯವಿಟ್ಟು ಈ ವಿಳಾಸ ಗುಟ್ಟಾಗಿರಲಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಓದುತ್ತಾರೆ. ದೊಡ್ಡ ಜನ.

ಮಾರ್ಚ್ 12, ಬುಧವಾರ

ಸಿಕ್ಕಿತು! ಮೂರು ವರ್ಷ, ಕೇಳಿದ್ದಷ್ಟೂ!

ಮೇಡಂ ಅತ್ತರು. ಕೆಳಗಿನ ಜೆರಾಕ್ಸಿನವನು ಏನೆಂದು ತಿಳಿಯದೆಯೇ ಎಲ್ಲರಿಗೂ ಚಹಾ ತರಿಸಿದ. ಪ್ರತಿಷ್ಠಾನದ ಅಧಿಕಾರಿ, ಮೆಲ್ಲಗೆ ಮಾತಾಡುವ ಹೆಂಗಸು, ಫೋನಿನಲ್ಲಿ ನನಗೇ ಹೇಳಿದರು: “ನಿಮ್ಮ ಸಮಸ್ಯೆಯ ವಿವರಣೆ ಓದಿ ನಮ್ಮ ಮಂಡಳಿಯವ್ರು ಸುಮ್ಮನೆ ಕೂತುಬಿಟ್ರು.”

ಮನೆಗೆ ಹೋಗಿ ಹೇಳಿದೆ. “ನಿನ್ನ ಸಂಬಳ ಏರುತ್ತಾ?” ಎಂದರು. ಇಲ್ಲ ಎಂದೆ. ಟಿವಿ ಕಡೆ ತಿರುಗಿದರು.

ಮಾರ್ಚ್ 14, ಶುಕ್ರವಾರ

ದೇವರೇ.

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಮುದುಕರ ಆರೈಕೆ ಮಾಡುವ ಸಂಸ್ಥೆಯವನೊಬ್ಬ ಅಭಿನಂದಿಸಲು ಫೋನ್ ಮಾಡಿದ್ದ. ಅವನಿಗೂ ಅನುದಾನ ಸಿಕ್ಕಿದೆ. ನಗುನಗುತ್ತಾ, “ನಿಮ್ಮ ಆಸರೆಮನೆ ಬೇಕರಿ ಹಿಂದಿನ ಬೀದೀಲೇ ಇದೆಯಲ್ಲ! ನಾನು ದಿನಾ ಅಲ್ಲೇ ಓಡಾಡ್ತೀನಿ, ಗೊತ್ತೇ ಇರ್ಲಿಲ್ಲ ನೋಡಿ” ಎಂದ.

ನಿಮಗೆ ಹೇಗೆ ಗೊತ್ತು ಎಂದೆ. “ಪ್ರತಿಷ್ಠಾನದ ವೆಬ್‌ಸೈಟಲ್ಲಿ ಪಟ್ಟಿ ಹಾಕಿದಾರಲ್ಲ!”

ನೋಡಿದೆ. ಸಂಸ್ಥೆಯ ಹೆಸರು, ಮೊತ್ತ, ಉದ್ದೇಶ: ‘ಹಿಂಸೆಯಿಂದ ಪಾರಾದ ಮಹಿಳೆಯರಿಗೆ ಗುಪ್ತ ಆಸರೆ’. ಅದರ ಕೆಳಗೆ ಮನೆ ಸಂಖ್ಯೆ, ಬೀದಿ. ಪಕ್ಕದಲ್ಲಿ ನಕ್ಷೆ, ನಕ್ಷೆಯಲ್ಲಿ ಕೆಂಪು ಚುಕ್ಕೆ. ಪತ್ರವನ್ನು ಮನುಷ್ಯರು ಓದಿದ್ದಾರೆ, ಪಟ್ಟಿಯನ್ನು ಯಂತ್ರ ಮಾಡಿದೆ. ಅಷ್ಟೂ ಜನ ಹೆಂಗಸರನ್ನು ಅವರವರ ಗಂಡಂದಿರಿಗೆ ನಾನೇ ಕೈಯಾರೆ ತೋರಿಸಿಕೊಟ್ಟೆ.

ಪ್ರತಿಷ್ಠಾನಕ್ಕೆ ಫೋನ್ ಮಾಡಿದೆ. ಮೆಲುಮಾತಿನ ಅಧಿಕಾರಿ ರಜದಲ್ಲಿದ್ದಾರೆ. ಬೇರೆ ಯಾರೋ, “ತಾಂತ್ರಿಕ ವಿಭಾಗಕ್ಕೆ ಕಳಿಸ್ತೀವಿ ಮೇಡಂ, ಐದರಿಂದ ಏಳು ಕೆಲಸದ ದಿನ ಆಗುತ್ತೆ” ಎಂದ. ಕೆಲಸದ ದಿನವಂತೆ! ಹುಡುಕುವವನು ಭಾನುವಾರ ರಜ ಮಾಡುತ್ತಾನೆಯೇ?

ಮೇಡಂಗೆ ಹೇಳಲಿಲ್ಲ. ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಂದೆ. ಒಪ್ಪಂದದಲ್ಲಿ ಹನ್ನೆರಡನೇ ಷರತ್ತಿದೆ: ಆಶ್ರಿತರ ಸುರಕ್ಷತೆಗೆ ಧಕ್ಕೆ ಬಂದರೆ ತಿಳಿಸಬೇಕು, ವಿಚಾರಣೆ ಮುಗಿಯುವವರೆಗೆ ಹಣ ತಡೆಹಿಡಿಯುತ್ತಾರೆ. ಹಣ ತಡೆದರೆ ಏಪ್ರಿಲ್ ಕೊನೆಗೆ ಬೀಗ. ಹೇಳಿದರೆ ಮನೆ ಹೋಗುತ್ತದೆ, ಹೇಳದಿದ್ದರೆ ಜೀವ ಹೋಗಬಹುದು. ಇಂಥ ಗಂಡಾಂತರಕ್ಕೆ ಕೈ ಹಾಕಿದ ನನ್ನ ಬುದ್ಧಿಗೆ ಏನು ಹೇಳಲಿ. ನಿನಗೇನೂ ತಿಳಿಯುವುದಿಲ್ಲ ಎಂದು ಇವರು ಹೇಳುವುದು ಸುಳ್ಳಲ್ಲ.

ಮಾರ್ಚ್ 17, ಸೋಮವಾರ

ಕಚೇರಿಯಲ್ಲಿ ಕೂರಲಾಗಲಿಲ್ಲ. ಪ್ರತಿಷ್ಠಾನಕ್ಕೆ ಕೊಡಬೇಕಾದ ಮೊದಲ ವರದಿಗೆ ಮಾಹಿತಿ ಬೇಕು ಎಂದು ಮೇಡಂಗೆ ಸುಳ್ಳು ಹೇಳಿ ಆಸರೆಮನೆಗೆ ಬಂದೆ. ಈ ಪುಸ್ತಕವೂ ಜೊತೆಗೆ ಬಂತು.

ಬಾಗಿಲು ಕಾಯುವವರನ್ನು ಎಲ್ಲರೂ ಬಾಗಿಲಮ್ಮ ಎನ್ನುತ್ತಾರೆ. ಅರವತ್ತು ದಾಟಿದ ಹೆಂಗಸು. ಮೊದಲು ತಾವೂ ಹೀಗೇ ಓಡಿಬಂದವರಂತೆ, ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದಾರೆ. ಬಾಗಿಲಿಗೆ ದಪ್ಪ ಸರಪಳಿ. ನಮ್ಮವರಾದರೆ ಗಂಟೆಯನ್ನು ಎರಡು ಸಲ ಚುಟುಕಾಗಿ ಒತ್ತಬೇಕು. ಬೇರೆ ಯಾರೇ ಬಂದು ಯಾರ ಹೆಸರು ಕೇಳಿದರೂ ಉತ್ತರ ಒಂದೇ: ‘ಅಂಥವರು ಯಾರೂ ಇಲ್ಲಿಲ್ಲ.’ ಇದನ್ನೆಲ್ಲ ಅರ್ಜಿಯ ‘ಭದ್ರತಾ ಕ್ರಮ’ದಲ್ಲಿ ನಾನೇ ಬರೆದಿದ್ದೆ. ಗಮನವಿಟ್ಟು ನೋಡಿದ್ದು ಇವತ್ತೇ.

ಮುಂದಿನ ಕೋಣೆಯ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಪರದೆ ಒಂದು ಬೆರಳಷ್ಟು ಸರಿಸಿ ಬೀದಿ ನೋಡುತ್ತಾ ಕೂತೆ. ಬೇಕರಿಗೆ ಹಿಟ್ಟಿನ ಮೂಟೆ ಬಂದು ಇಳಿಯಿತು. ಒಬ್ಬ ಸೈಕಲ್ ನಿಲ್ಲಿಸಿ ಬೀಡಿ ಹಚ್ಚಿದ, ನನಗೆ ಜೀವ ಬಾಯಿಗೆ ಬಂತು. ಅವನು ಪಾಪ ಸೇದಿ ಮುಗಿಸಿ ಹೋದ.

“ಏನು ಕಾಗದದಮ್ಮ, ಬೀದಿ ಮೇಲೆ ವರದಿ ಬರೀತೀಯಾ?” ಎಂದರು ಬಾಗಿಲಮ್ಮ.

ಮಾರ್ಚ್ 19, ಬುಧವಾರ

ಪಟ್ಟಿ ಹಾಗೇ ಇದೆ. ಬೆಳಿಗ್ಗೆ ಕಚೇರಿಗೆ ಹೋಗಿ ನೋಡಿ, ಹನ್ನೊಂದರ ಫೋನ್ ಎತ್ತಿ, ಇಲ್ಲಿಗೆ ಓಡಿಬರುತ್ತೇನೆ. ಮೂರಕ್ಕೆ ಕಚೇರಿಯಲ್ಲಿ ಇರಲಾಗುತ್ತಿಲ್ಲ. ಮಧ್ಯಾಹ್ನ ಲೈನು ಕೆಟ್ಟಿರುತ್ತದೆ ಎಂದು ಇವರಿಗೆ ಹೇಳಿದ್ದೇನೆ. ಸುಳ್ಳು ಹೇಳುವಾಗ ಕಿವಿ ಬಿಸಿಯಾಯಿತು.

ಇಲ್ಲಿರುವವರಲ್ಲಿ ಒಬ್ಬಳು ಟೈಲರ್. ಇಪ್ಪತ್ತಾರು ವರ್ಷ. ಜೊತೆಗೆ ಆರು ವರ್ಷದ ಮಗಳು, ಪುಟ್ಟಿ. ಅವಳ ಗಂಡ ಮೂರು ಊರು ಹುಡುಕಿ ಎರಡು ಸಲ ಹಿಡಿದವನು. ಎರಡನೇ ಸಲ ಕಾದ ಇಸ್ತ್ರಿಪೆಟ್ಟಿಗೆಯಿಂದ ಸುಟ್ಟ. ಕುತ್ತಿಗೆಯ ಪಕ್ಕದಲ್ಲಿ ಅದರ ತುದಿಯ ಆಕಾರ ಸ್ಪಷ್ಟವಾಗಿದೆ. ಅರ್ಜಿಯಲ್ಲಿ ಅವಳು ‘ಫಲಾನುಭವಿ 6’.

ಪುಟ್ಟಿ ನನ್ನ ಕುರ್ಚಿ ಪಕ್ಕ ಬಂದು, “ಆಂಟಿ, ನೀವೂ ಯಾರಿಂದಾದ್ರೂ ಬಚ್ಚಿಟ್ಕೊಂಡಿದೀರಾ?” ಎಂದಳು. ಇಲ್ಲ ಪುಟ್ಟಿ, ನಾನು ಕೆಲಸಕ್ಕೆ ಬಂದಿದ್ದೀನಿ ಎಂದೆ. “ಮತ್ತೆ ಪರದೆ ಹಿಂದೆ ಯಾಕೆ ಕೂತಿದೀರಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಮಾರ್ಚ್ 21, ಶುಕ್ರವಾರ

ಬೂದು ಬಣ್ಣದ ಕಾರು. ಹನ್ನೆರಡೂವರೆಯಿಂದ ಎದುರುಗಡೆ. ಒಳಗೆ ಒಬ್ಬ ಗಂಡಸು. ಒಂದೂಮುಕ್ಕಾಲಿಗೆ ಹೋಯಿತು. ಬೇಕರಿಯ ಹುಡುಗಿಗೆ ಕಾದಿದ್ದನಂತೆ, ಅವಳ ಅಣ್ಣ.

ಅಷ್ಟು ಹೊತ್ತು ನಾನು ಟೈಲರಳ ಕೈ ಹಿಡಿದುಕೊಂಡಿದ್ದೆನಂತೆ. ಅವಳೇ ಹೇಳಿದಳು. “ಅಕ್ಕಾ, ನಿಮಗ್ಯಾಕೆ ಇಷ್ಟು ಹೆದರಿಕೆ? ನಮಗಾದ್ರೆ ಸರಿ” ಎಂದಳು. ನನಗೆ ಅಳು ಬಂತು.

ಬಳೆ ಸರಿದಾಗ ಬಾಗಿಲಮ್ಮ ಮಣಿಕಟ್ಟಿನ ಮೇಲಿನ ಕಪ್ಪು ಕಲೆ ನೋಡಿಬಿಟ್ಟರು.

“ಏನಾಯ್ತದು?”

“ಮನೇಲಿ ಕಪಾಟಿನ ಬಾಗಿಲು ತಾಗ್ತು.”

“ಹೌದಾ. ನಮ್ಮನೇಲೂ ಒಂದು ಕಪಾಟಿತ್ತು” ಎಂದು ಹೇಳಿ ಬಟಾಣಿ ಸುಲಿಯುತ್ತಾ ಕೂತರು. ಈ ವಯಸ್ಸಾದವರಿಗೆ ಎಲ್ಲದರಲ್ಲೂ ಒಂದು ಕೊಂಕು.

ಮಾರ್ಚ್ 24, ಸೋಮವಾರ

ಮೇಡಂಗೆ ಹೇಳಿಬಿಟ್ಟೆ. ಶನಿವಾರ, ಭಾನುವಾರ ಮನೆಯಲ್ಲಿ ನನಗೆ ಕೈಯೇ ಆಡಲಿಲ್ಲ. ಎರಡು ಸಲ ಹಾಲು ಉಕ್ಕಿಸಿದೆ, ಅದಕ್ಕೂ ರಂಪವಾಯಿತು. ಆದರೆ ಸಿಟ್ಟಿನ ಮಾತು ಕಿವಿಗೆ ಬೀಳುತ್ತಿದ್ದರೂ ನನ್ನ ಕಣ್ಣ ಮುಂದೆ ಇದ್ದದ್ದು ಆ ಕೆಂಪು ಚುಕ್ಕೆಯೇ. ಮೊದಲೆಲ್ಲ ಇವರ ದನಿ ಏರಿದರೆ ಬೇರೆ ಏನೂ ನೆನಪಿರುತ್ತಿರಲಿಲ್ಲ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಯಾವತ್ತಿಂದ ಇದೆ?”

“ಹತ್ತು ದಿನ ಮೇಡಂ. ಹಣ ನಿಂತುಹೋಗುತ್ತೆ ಅಂತ...”

“ಹಣ ಹಾಳಾಗಿ ಹೋಗ್ಲಿ! ಹತ್ತು ದಿನ! ಆ ಹುಡುಗಿ ಮಗು ಕಟ್ಕೊಂಡು ಅಲ್ಲಿದಾಳೆ, ಗೊತ್ತಲ್ಲ ನಿಂಗೆ?”

ಗೊತ್ತು ಎಂದೆ. ಕೈ ಎತ್ತುತ್ತಾರೆ ಎಂದುಕೊಂಡು ಮುಖದ ಮುಂದೆ ತೋಳು ಅಡ್ಡ ಹಿಡಿದೆ. ಎಂಥ ಅವಮಾನ! ಮೇಡಂ ಯಾಕೆ ಹೊಡೆಯುತ್ತಾರೆ? ಅವರು ಅರ್ಧ ಮಾತಿಗೇ ನಿಂತು ನನ್ನನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, “ಕೂತ್ಕೋ. ನೀರು ಕುಡಿ” ಎಂದರು.

ನನ್ನ ಎದುರಲ್ಲೇ ಪೊಲೀಸ್ ಠಾಣೆಗೆ, ನಂತರ ಪ್ರತಿಷ್ಠಾನಕ್ಕೆ ಫೋನ್ ಮಾಡಿದರು. ಹನ್ನೆರಡನೇ ಷರತ್ತನ್ನು ತಾವಾಗಿಯೇ ಹೇಳಿದರು. ಮೊದಲ ಕಂತು ತಡೆದಿದ್ದಾರೆ. ಏಪ್ರಿಲ್ ಒಂಬತ್ತಕ್ಕೆ ಮಂಡಳಿ ಸೇರಿ ತೀರ್ಮಾನಿಸುತ್ತದೆ. ಕೆಲಸದಿಂದ ತೆಗೆಯಿರಿ ಎಂದೆ. “ತೆಗೆದ್ರೆ ಮನೇಲೇ ಇರ್ಬೇಕಾಗುತ್ತಲ್ಲ ನೀನು” ಎಂದರು. ಅದೇನು ಉತ್ತರವೋ.

ಮಾರ್ಚ್ 26, ಬುಧವಾರ

ಟೈಲರನ್ನೂ ಪುಟ್ಟಿಯನ್ನೂ ದೂರದ ಇನ್ನೊಂದು ಆಸರೆಮನೆಗೆ ಕಳಿಸಿದರು. ಎರಡು ಚೀಲ, ಒಂದು ಕತ್ತರಿ ಪೆಟ್ಟಿಗೆ. ಪುಟ್ಟಿ ಇಲ್ಲಿನ ಶಾಲೆಗೆ ಸೇರಿ ಏಳು ವಾರವಾಗಿತ್ತು. ಅವಳ ಹೊಸ ಸ್ನೇಹಿತೆಗೆ ಹೇಳಿಬರಲೂ ಬಿಡಲಿಲ್ಲ, ಬಿಡುವಂತಿರಲಿಲ್ಲ. ವ್ಯಾನ್ ಹತ್ತುವಾಗ ನನ್ನ ಕಡೆ ನೋಡಲಿಲ್ಲ.

ಟೈಲರ್ ಮಾತ್ರ ಹತ್ತಿರ ಬಂದಳು. ತಪ್ಪು ನನ್ನದೆಂದು ಅವಳಿಗೆ ನಾನೇ ಹೇಳಿದ್ದೆ. “ಬೈಬೇಕು ಅಂತ ಅನ್ಕೊಂಡೆ ಅಕ್ಕಾ, ಆದ್ರೆ ಆ ಕಾರು ನಿಂತಿದ್ದಾಗ ನೀವೇ ಕೈ ಹಿಡ್ಕೊಂಡಿದ್ರಿ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 27, ಗುರುವಾರ

ವಿಳಾಸ ತೆಗೆದರು. ಚುಕ್ಕೆಯೂ ಇಲ್ಲ. ಹದಿಮೂರು ದಿನದಲ್ಲಿ ಯಾರು ನೋಡಿದರೋ, ಯಾರು ಬರೆದಿಟ್ಟುಕೊಂಡರೋ. ಮಧ್ಯಾಹ್ನ ಈಗಲೂ ಆಸರೆಮನೆಗೇ ಬಂದು ಬೀದಿ ನೋಡುತ್ತಾ ಕೂರುತ್ತೇನೆ.

ಏಪ್ರಿಲ್ 2, ಬುಧವಾರ

ಇವರು ಮೂರು ದಿನದಿಂದ ತುಂಬಾ ಒಳ್ಳೆಯವರಾಗಿದ್ದಾರೆ. ನಿನ್ನೆ ಹಣ್ಣು ತಂದರು. ಇವತ್ತು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಕೇಳಿದರು:

“ನಿಮ್ಮ ಕಚೇರಿ ಫೋನು ರಿಪೇರಿ ಆಯ್ತಾ?”

“ಇನ್ನೂ ಇಲ್ಲ.”

“ನಿನ್ನೆ ಮೂರಕ್ಕೆ ಮಾಡಿದ್ದೆ. ನಿಮ್ಮ ಮೇಡಂ ಎತ್ತಿದ್ರು. ಚೆನ್ನಾಗಿ ಕೇಳಿಸ್ತು.”

ಅಷ್ಟೇ. ಕೂಗಲಿಲ್ಲ, ಕೈ ಹಿಡಿಯಲಿಲ್ಲ. ಪೇಪರ್ ಮಡಚಿ ಒಳಗೆ ಹೋದರು. ಕೂಗಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ ಎಂದು ಯಾಕೆ ಅನ್ನಿಸಿತೋ. ಗಂಡನ ಒಳ್ಳೆಯತನ ಕಂಡು ನಡುಗುವ ಹೆಂಡತಿ ನಾನೊಬ್ಬಳೇ ಇರಬೇಕು.

ಏಪ್ರಿಲ್ 4, ಶುಕ್ರವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ವರದಿ ಬರೆದು ರೂಢಿಯಿದೆಯಲ್ಲ.

ಮೂರೂಕಾಲಿಗೆ ಬಾಗಿಲ ಗಂಟೆ ಸದ್ದು ಮಾಡಿತು. ಎರಡು ಸಲ ಚುಟುಕಾಗಿ ಅಲ್ಲ, ಒಂದೇ ಸಲ ಉದ್ದಕ್ಕೆ. ನಾನು ಅಡುಗೆಮನೆಯಲ್ಲಿ, ಇಲ್ಲೇ ಆಸರೆ ಪಡೆದಿರುವ ನರ್ಸಿನ ಜೊತೆ ಚಹಾ ಸೋಸುತ್ತಿದ್ದೆ. ಅಂತೂ ಬಂದ, ಟೈಲರಳ ಗಂಡನೇ ಬಂದ ಎಂದುಕೊಂಡೆ. ಸದ್ಯ, ಅವಳಿಲ್ಲ ಎನ್ನಿಸಿತು. ಬಾಗಿಲಮ್ಮ ಸರಪಳಿ ತೆಗೆಯದೆ ಒಂದು ಅಂಗೈಯಷ್ಟು ಬಾಗಿಲು ತೆರೆದರು.

“ನಮಸ್ಕಾರ ಅಮ್ಮ. ನನ್ನ ಹೆಂಡತೀನ ಕರ್ಕೊಂಡು ಹೋಗೋಕೆ ಬಂದಿದೀನಿ.”

ದನಿ ಕೇಳಿ ಸೋಸಣಿಗೆ ಕೈಯಿಂದ ಜಾರಿತು. ಅವರು ನನ್ನ ಹೆಸರು ಹೇಳಿದರು. ಕಾಗದದಮ್ಮ ಅಲ್ಲ, ಮದುವೆಯ ಪತ್ರಿಕೆಯಲ್ಲಿದ್ದ ಪೂರ್ತಿ ಹೆಸರು.

ನಿಜ ಹೇಳಬೇಕು. ನಾನು ಹೊರಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು, ಬಂದೆ ಅನ್ನುತ್ತಾ ನಡೆದೇಬಿಟ್ಟೆ. ತಡ ಮಾಡಿದಷ್ಟೂ ಹೆಚ್ಚಾಗುತ್ತದೆ ಎಂದು ಕಾಲಿಗೇ ಗೊತ್ತಿತ್ತು. ಬಾಗಿಲಮ್ಮ ತಿರುಗಿಯೂ ನೋಡದೆ ಎಡಗೈಯನ್ನು ಬೆನ್ನ ಹಿಂದೆ ಚಾಚಿ ಅಂಗೈ ತೋರಿಸಿದರು. ಅಲ್ಲೇ ನಿಂತೆ.

“ಅಂಥವರು ಯಾರೂ ಇಲ್ಲಿಲ್ಲ.”

“ಇದಾಳೆ ಅಮ್ಮ. ನೋಡಿ, ವಿಳಾಸ. ನಿಮಗೆ ಹಣ ಕೊಟ್ಟವರೇ ಹಾಕಿದಾರೆ.” ಕಾಗದ ಸರಪರ ಎಂದಿತು. ಹದಿಮೂರು ದಿನದಲ್ಲಿ ನೋಡಿದ್ದು ಇವರು. ನನ್ನದೇ ಸಂಸ್ಥೆಯ ಹೆಸರು ಹಾಕಿ ಹುಡುಕಿದ್ದಾರೆ.

“ಅಂಥವರು ಯಾರೂ ಇಲ್ಲಿಲ್ಲ.”

“ಅವಳಿಗೆ ಸ್ವಲ್ಪ ತಲೆ ಸರಿಯಿಲ್ಲ, ಏನೂ ತಿಳಿಯಲ್ಲ. ಒಳಗೆ ಬರ್ತೀನಿ, ನಾನೇ ಮಾತಾಡ್ತೀನಿ.”

“ಅಂಥವರು ಯಾರೂ ಇಲ್ಲಿಲ್ಲಪ್ಪ” ಎಂದು ಬಾಗಿಲಮ್ಮ ಬಾಗಿಲು ಹಾಕಿದರು. ಆಮೇಲೆ ಒದೆ. ಮೂರು, ನಾಲ್ಕು. ಸರಪಳಿ ಕುಣಿಯಿತು. ಮೇಡಂಗೂ ಪೊಲೀಸರಿಗೂ ನರ್ಸ್ ಫೋನ್ ಮಾಡಿದಳು. ಉಳಿದವರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಬಂದು ನನ್ನ ಸುತ್ತ ನಿಂತರು.

ಪೊಲೀಸರು ಬರುವ ಹೊತ್ತಿಗೆ ಇವರು ತಲೆ ಬಾಚಿಕೊಂಡು ನಿಂತು, ತುಂಬಾ ಮರ್ಯಾದೆಯಿಂದ ಮಾತಾಡುತ್ತಿದ್ದರಂತೆ. ಒಬ್ಬ ಮಹಿಳಾ ಪೇದೆ ಒಳಗೆ ಬಂದು, “ನೀವು ಅವರ ಜೊತೆ ಹೋಗ್ತೀರಾಮ್ಮ?” ಎಂದು ಕೇಳಿದಳು.

ಹೋಗುತ್ತೇನೆ ಎಂದು ಹೇಳಲು ಬಾಯಿ ತೆರೆದೆ. “ಇವತ್ತು ಬೇಡ” ಎಂದು ಬಂತು.

ಅವರ ಸಿಟ್ಟು ಇಳಿಯುವವರೆಗೆ ಒಂದೆರಡು ದಿನ ಇಲ್ಲೇ ಇರುತ್ತೇನೆ. ಟೈಲರಳ ಮಂಚ ಹೇಗೂ ಖಾಲಿಯಿದೆ.

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ ಹನ್ನೊಂದಕ್ಕೆ ಕೂತಲ್ಲಿಂದ ಎದ್ದು ಫೋನಿನ ಹತ್ತಿರ ಹೋದೆ. ಇಲ್ಲಿಗೆ ಇವರ ಫೋನ್ ಬರುವುದಿಲ್ಲ ಎಂದು ಆಮೇಲೆ ನೆನಪಾಯಿತು. ಮೂರಕ್ಕೂ ಹಾಗೇ ಆಯಿತು.

ಏಪ್ರಿಲ್ 10, ಗುರುವಾರ

ನಿನ್ನೆ ಮಂಡಳಿ ಸೇರಿತ್ತು. ಮೆಲುಮಾತಿನ ಅಧಿಕಾರಿ ತಾವೇ ಮೇಡಂ ಜೊತೆ ಮಾತಾಡಿದರು. ಪಟ್ಟಿಯ ತಪ್ಪು ಪ್ರತಿಷ್ಠಾನದ್ದೂ ಹೌದೆಂದು ಒಪ್ಪಿದ್ದಾರೆ. ಹಣ ಬರುತ್ತದೆ. ಮನೆ ಬದಲಿಸುವ ಖರ್ಚನ್ನೂ ಅದರಲ್ಲೇ ಸೇರಿಸಬಹುದಂತೆ. ಬಜೆಟ್ಟನ್ನು ಪೂರ್ತಿ ಹೊಸದಾಗಿ ಮಾಡಿಕೊಟ್ಟೆ, ಅಡುಗೆಮನೆಯ ಮೇಜಿನ ಮೇಲೆ, ಕೂತಲ್ಲಿಂದ ಏಳದೆ. ಒಂದು ಪೈಸೆ ಹೆಚ್ಚುಕಡಿಮೆ ಬರಲಿಲ್ಲ.

ಕುಣಿದಾಡುವಷ್ಟು ಸಂತೋಷ ಆಗಬೇಕಿತ್ತು. ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿದರು, ಅಷ್ಟಕ್ಕೇ ಪೆನ್ನು ಕೆಳಗೆ ಬಿತ್ತು.

ಏಪ್ರಿಲ್ 28, ಸೋಮವಾರ

ಹೊಸ ಮನೆ. ಎಲ್ಲಿದೆ ಎಂದು ಇಲ್ಲಿಯೂ ಬರೆಯುವುದಿಲ್ಲ.

ಮೊದಲ ವರದಿ ಇವತ್ತು ಹೋಗಬೇಕಿತ್ತು. ಪ್ರತಿಷ್ಠಾನದವರು ಫಾರಂ ಬದಲಿಸಿದ್ದಾರೆ. ‘ಯೋಜನೆ ನಡೆಯುವ ಜಾಗ’ ಎಂಬಲ್ಲಿ ‘ಗೋಪ್ಯ’ ಎಂದು ಬರೆದೆ, ಕಂಪ್ಯೂಟರ್ ತೆಪ್ಪಗೆ ಒಪ್ಪಿತು. ಮೂರು ಸಲ ಅಳಿಸಿ ಮೂರು ಸಲ ಬರೆದು ನೋಡಿದೆ.

ಮೇಡಂಗೆ ಒಂದು ಪ್ರತಿ ಓದಲು ಕೊಟ್ಟಿದ್ದೆ. ಎಲ್ಲ ಸರಿಯಿದೆ ಎಂದು ಹಿಂತಿರುಗಿಸಿದರು. ಆದರೆ ‘ಈಗ ಆಸರೆಯಲ್ಲಿರುವ ಮಹಿಳೆಯರ ಸಂಖ್ಯೆ: 7’ ಎಂಬಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿ, ‘ಮತ್ತೆ ಎಣಿಸು’ ಎಂದು ಬರೆದಿದ್ದರು.

ಸಿಟ್ಟು ಬಂತು. ಬೇರೆ ಏನು ತಪ್ಪಿದರೂ ಎಣಿಕೆ ತಪ್ಪುವವಳಲ್ಲ ನಾನು. ಬೆರಳು ಮಡಚಿದೆ: ನರ್ಸ್, ಅಕ್ಕ, ತಂಗಿ, ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳು, ಟೀಚರ್, ಕಿವಿ ಕೇಳದ ಅಜ್ಜಿ, ಬಸುರಿ. ಏಳೇ. ಟೈಲರ್ ಹೋದ ಮೇಲೆ ಏಳು. ಮತ್ತೊಮ್ಮೆ ಎಣಿಸಿದರೂ ಏಳು.

ಬಾಗಿಲಮ್ಮ ಹೊಸ ಬಾಗಿಲಿಗೆ ಹಳೇ ಸರಪಳಿ ಜೋಡಿಸಿಕೊಂಡು ಕೂತಿದ್ದರು. ಅವರನ್ನೇ ಕೇಳಿದೆ.

“ಅಮ್ಮಾ, ನಿನ್ನೆ ಯಾರಾದ್ರೂ ಹೊಸಬರು ಬಂದ್ರಾ?”

“ನಿನ್ನೆ ಯಾರೂ ಬಂದಿಲ್ಲ.”

“ಮತ್ತೆ ಮೇಡಂ ಏಳು ತಪ್ಪು ಅಂತಾರಲ್ಲ.”

“ಎಂಟು” ಎಂದರು. ತಿರುಪು ಬಿಗಿಯುವುದನ್ನು ನಿಲ್ಲಿಸಲಿಲ್ಲ. “ಅವಳು ಬಂದು ಇಪ್ಪತ್ತನಾಲ್ಕು ದಿನ ಆಯ್ತು. ಟೈಲರ್ ಮಂಚದ ಮೇಲೆ ಮಲಗ್ತಾಳೆ.”

ಒಳಗೆ ಬಂದು 7 ಅಳಿಸಿ 8 ಎಂದು ಬರೆದು, ವರದಿ ಕಳಿಸಿದೆ.